ಬರ್ರಲ್ಲಾ ನಮ್ಮನೀಗೆ

ಕಾಗದದ ತಟ್ಟೆಯ ಮೇಲೆ ಹುರಿದ ಮೊಟ್ಟೆ ಕತ್ತರಿಸುವುದಕ್ಕೆ ಕೈ ಹಗುರವಾಗಿರಬೇಕು. ಸ್ವಲ್ಪ ಒತ್ತಿದರೆ ಮೊಟ್ಟೆಯ ಜೊತೆಗೆ ತಟ್ಟೆಯೂ ಸೀಳಿ, ಹಳದಿಯೆಲ್ಲ ಮೇಜಿನ ಮೇಲೆ ಹರಿದು, ಎದುರಿಗೆ ಕೂತ ಹೆಂಡತಿ ಏನೂ ಅನ್ನದೆ ಎದ್ದುಹೋಗಿ ಒರೆಸುವ ಬಟ್ಟೆ ತಂದಿಡುತ್ತಾಳೆ. 'ಏನೂ ಅನ್ನದೆ' ಅನ್ನುವುದೇ ಇಲ್ಲಿ ಮುಖ್ಯ. ಏಪ್ರಿಲ್‌ನಲ್ಲಿ ಈ ಊರಿಗೆ ಬಂದಿಳಿದಾಗಿನಿಂದ ರೋಮನ್ ವಿಲ್ಚೆಕ್ ಈ ಕಲೆಯನ್ನು ಸಾಧಿಸುತ್ತ ಬಂದಿದ್ದ. ನವೆಂಬರ್‌ನ ಈ ಭಾನುವಾರದ ಬೆಳಿಗ್ಗೆಯೂ ತಟ್ಟೆ ಸೀಳಿತು. ಡೋರಿನ್ ಬಟ್ಟೆ ತಂದಿಟ್ಟಳು. ಅವಳ ಬೆನ್ನ ಹಿಂದೆ ಹಜಾರದ ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಗಳಲ್ಲಿ, ನೀಲಿ ಅಂಚಿನ ಪಿಂಗಾಣಿ ತಟ್ಟೆಗಳು ನ್ಯೂಜೆರ್ಸಿಯ ಹಳೆಯ ಪತ್ರಿಕೆಗಳನ್ನು ಹೊದ್ದುಕೊಂಡು ಮಲಗಿದ್ದವು. ಬಂದ ವಾರವೇ ಬಿಚ್ಚೋಣವೆಂದು ಅವನು ಚಾಕು ಹಿಡಿದು ನಿಂತಿದ್ದಾಗ ಅವಳು ಕೇಳಿದ್ದು ಒಂದೇ ಮಾತು: "ಯಾರಿಗೆ ಬಡಿಸೋಕೆ?" ಉತ್ತರ ಬರುವವರೆಗೆ ಕಾಗದದ ತಟ್ಟೆ ಸಾಕು ಎಂದಿದ್ದಳು. ಉತ್ತರ ಬಂದಿರಲಿಲ್ಲ. ಆಗಸ್ಟ್‌ನ ಒಂದು ಸಂಜೆ ಅವಳೇ ಅದಕ್ಕೊಂದು ಗಡುವು ಹಾಕಿದ್ದಳು. "ನೋಡು ರೋಮನ್, ಬರ್ನಿಸ್ ಮನೆ ಮಹಡಿ ಖಾಲಿಯಾಗ್ತಿದೆ. ನನಗೋಸ್ಕರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ಯಾರಿಗೂ ಕೊಡಲ್ಲ ಅಂದಿದಾಳೆ. ಅಷ್ಟರೊಳಗೆ ಈ ಊರಲ್ಲಿ ಯಾರಾದರೂ, ಒಬ್ಬರೇ ಒಬ್ಬರು, 'ನಮ್ಮನೆಗೆ ಬನ್ನಿ' ಅಂತ ಬಾಯಿ ಬಿಟ್ಟು ಕರೆದು ಒಂದು ಲೋಟ ನೀರು ಕೊಡಲಿ, ನಾನು ಇರ್ತೀನಿ. ಇಲ್ಲದಿದ್ದರೆ ನಿನ್ನ ತೆರಿಗೆಯಿಲ್ಲದ ಸ್ವರ್ಗದಲ್ಲಿ ನೀನೇ ಇರು, ಸ್ವರ್ಗಸ್ಥನಾಗಿ." ಹಬ್ಬಕ್ಕೆ ಇನ್ನು ಉಳಿದದ್ದು ಈ ಭಾನುವಾರ ಮತ್ತು ಅದರ ಮುಂದಿನದು. ಬರ್ನಿಸ್ ಅವಳ ಅಕ್ಕ, ಅವರ ಹಳೆಯ ಊರಾದ ನ್ಯೂಜೆರ್ಸಿಯ ಬೇಯಾನ್‌ನಲ್ಲೇ ಉಳಿದವಳು. ನಲವತ್ತು ವರ್ಷ ಇಬ್ಬರೂ ಬೆಳಗಿನ ಕಾಫಿಯನ್ನು ಒಂದೇ ಅಡುಗೆಮನೆಯಲ್ಲಿ, ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳದೆ, ಏಕಕಾಲಕ್ಕೆ ಮಾತಾಡುತ್ತ ಕುಡಿದವರು. ಈಗ ಡೋರಿನ್ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯಾಚೆಯ ಗುಡ್ಡವನ್ನು ನೋಡುತ್ತಿದ್ದಳು. ಗುಡ್ಡ ಅವಳ ಮಾತನ್ನು ಕೇಳಿಸಿಕೊಳ್ಳುತ್ತಿತ್ತು. ಅದೇ ಅವಳಿಗೆ ಸಹಿಸಲು ಆಗದೇ ಇದ್ದದ್ದು.

ಆದರೂ ತೆರಿಗೆ ಇಲ್ಲವಲ್ಲ ಎಂದುಕೊಂಡ ರೋಮನ್, ಮೇಜು ಒರೆಸುತ್ತ. ಈ ವಾಕ್ಯವನ್ನು ಅವನು ಹಲ್ಲುನೋವಿಗೆ ಲವಂಗ ಇಟ್ಟುಕೊಂಡಂತೆ ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ಈ ಟೆನೆಸಿ ರಾಜ್ಯದಲ್ಲಿ ವರಮಾನಕ್ಕೆ ತೆರಿಗೆ ಇಲ್ಲ. ಮನೆಯ ಮೇಲೆ ಇದೆ, ಆದರೆ ಅದೇನು ತೆರಿಗೆಯೇ, ಬೇಯಾನ್‌ನಲ್ಲಿ ಕೊಡುತ್ತಿದ್ದುದರ ಮುಂದೆ ಭಿಕ್ಷೆ. ಅಲ್ಲಿ ಮೂಗಿಗಿಂತ ಮೂಗುತಿ ಭಾರವಾಗಿತ್ತು: ಇಬ್ಬರು ಕಾಲು ಚಾಚಿದರೆ ತುಂಬಿಹೋಗುವ ಮನೆ, ಅದರ ತೆರಿಗೆಗೆ ಮನೆಗಿಂತ ಉದ್ದದ ಕಾಲು. ಇಲ್ಲಿ ಅದೇ ಹಣಕ್ಕೆ ಮೂರು ಕೋಣೆ, ಮುಂದೆ ಜಗುಲಿ, ಹಿಂದೆ ಅವನಿಗೆ ಹೆಸರು ಗೊತ್ತಿಲ್ಲದ ಮರಗಳು. ಕರವಿಲ್ಲದ ನಾಡು. ಕರವಿಲ್ಲ ನಿಜ; ಕೈಕುಲುಕಲು ಒಂದು ಕರವೂ ಸಿಕ್ಕಿರಲಿಲ್ಲ. ಊರಿಗೆ ಬಂದದ್ದಾಯಿತು, ಕಾಲು ಊರಿದ್ದಿಲ್ಲ. ದಾರಿಯಲ್ಲಿ ಎದುರಾಗುವ ಪ್ರತಿ ವಾಹನದವನೂ ಸ್ಟಿಯರಿಂಗ್ ಮೇಲಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾನೆ, ಒಂದೇ ಬೆರಳು; ಉಳಿದ ನಾಲ್ಕು ಸ್ಟಿಯರಿಂಗ್ ಬಿಟ್ಟು ಏಳುವುದಿಲ್ಲ. ದಿನಸಿ ಅಂಗಡಿಯ ಮೊದಲ ದಿನ ಡೋರಿನ್ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ್ದು ನೆನಪಾಯಿತು. "ಹಾಲಿಗೆ ತೆರಿಗೆ. ಬ್ರೆಡ್ಡಿಗೆ ತೆರಿಗೆ. ಈರುಳ್ಳಿಗೆ ತೆರಿಗೆ! ನಮ್ಮ ಕಡೆ ತಿನ್ನೋ ಪದಾರ್ಥಕ್ಕೆ ಯಾವ ಪಾಪಿ ತೆರಿಗೆ ಹಾಕ್ತಾನೆ? ಇಲ್ಲಿ ದುಡಿಯೋಕೆ ತೆರಿಗೆ ಇಲ್ಲ, ತಿನ್ನೋಕಿದೆ. ನೀನು ದುಡಿಯೋದು ನಿಲ್ಲಿಸಿಯಾಯ್ತು, ಇನ್ನು ತಿನ್ನೋದೂ ನಿಲ್ಲಿಸಿಬಿಡು, ಪೂರ್ತಿ ಉಳಿತಾಯ." ಹಿಂದೆ ಸಾಲಿನಲ್ಲಿ ನಿಂತವರು ನಕ್ಕಿರಲಿಲ್ಲ. ಅವನು ನಕ್ಕಿದ್ದ, ಒಬ್ಬನೇ, ಬೇಕಾದ್ದಕ್ಕಿಂತ ಜೋರಾಗಿ.

ಬಾ ಎಂದು ಅವಳನ್ನು ಕರೆತಂದದ್ದು ಅವನ ಲೆಕ್ಕಾಚಾರವಲ್ಲ, ಅವನ ಗಂಟಲು. ಅದು ಅವನಿಗೆ ಗೊತ್ತಿತ್ತು, ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಮೇಲೆ ಕೆಳಗೆ ಆಡುವ ಆ ಗಂಟಲ ಗಂಟನ್ನು ಕಂಡಾಗಲೆಲ್ಲ ಗೊತ್ತಾಗುತ್ತಿತ್ತು. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಕಟ್ಟೆಗೆ ಬರುತ್ತದೆಂದು ಕೂಗಿ ಹೇಳುವುದು ಅವನ ಉದ್ಯೋಗವಾಗಿತ್ತು. ಮೂಗಿನಿಂದ ಹೊರಟು ಚಾವಣಿಗೆ ಬಡಿದು ಸಾವಿರ ತಲೆಗಳ ಮೇಲೆ ಉದುರುವ ದನಿ. ಬಿಡುವಿನ ವೇಳೆಯಲ್ಲಿ ಟಿಕೆಟ್ ಕಿಟಕಿಯವನನ್ನು, ಪಾದ್ರಿಯನ್ನು, ಮೇಲಧಿಕಾರಿಯ ಕೆಮ್ಮನ್ನು ಅಣಕಿಸಿ ತೋರಿಸುತ್ತಿದ್ದ. ಒಂದು ಸಲ ಮೇಲಧಿಕಾರಿಯೇ ತನ್ನ ಕೆಮ್ಮು ಕೇಳಿ ಯಾರು ಬಂದರೆಂದು ಎದ್ದು ನಿಂತಿದ್ದ. ಆಮೇಲೆ ಒಬ್ಬ ಹೆಂಗಸಿನ ದನಿಯನ್ನು ಯಂತ್ರದಲ್ಲಿ ತುಂಬಿಸಿ ತಂದರು. ಆಕೆಗೆ ನೆಗಡಿಯಾಗುವುದಿಲ್ಲ. ಕೊನೆಯ ದಿನ ಅವನು ಆ ಯಂತ್ರದ ಹೆಂಗಸನ್ನೂ ಅಣಕಿಸಿ ಎಲ್ಲರನ್ನೂ ನಗಿಸಿ, ಕೇಕು ತಿಂದು, ಮನೆಗೆ ಹೋಗುವ ಗಾಡಿ ಹತ್ತಿ, ತನ್ನ ನಿಲ್ದಾಣದ ಹೆಸರನ್ನು ಆಕೆ ತಪ್ಪಿಲ್ಲದೆ ಹೇಳಿದ್ದನ್ನು ಕೇಳಿಸಿಕೊಂಡು ಇಳಿದಿದ್ದ. ಹಾಗಿರುವಾಗ ಟೆನೆಸಿಯ ಈ ಮನೆ ನೋಡಲು ಬಂದದ್ದು. ಮನೆ ತೋರಿಸಿದವನ ಮಾತು ಅಂಟು ಪಾಕದ ಎಳೆಯಂತೆ, ಎಳೆದಷ್ಟೂ ಉದ್ದ. ವಾಪಸು ಹೋಗುವಾಗ ಕಾರಿನಲ್ಲಿ ಡೋರಿನ್ ಮುಖ ತಿರುಗಿಸಿ ಕೂತಿದ್ದಳು. ಅವನು ಸುಮ್ಮನೆ, ರಸ್ತೆಯ ಮೇಲೆ ಕಣ್ಣಿಟ್ಟು, ಮನೆ ತೋರಿಸಿದವನ ದನಿಯಲ್ಲಿ ಶುರುಮಾಡಿದ: "ಬರ್ರೆಪಾ ಬರ್ರಿ, ಇದ ನೋಡ್ರಿ ಅಡಗಿಮನಿ, ಇದ ನೋಡ್ರಿ ಕಿಡಕಿ, ಕಿಡಕ್ಯಾಗ ನೋಡ್ರಿ ಗುಡ್ಡ, ಗುಡ್ಡಕ್ಕ ರೊಕ್ಕ ಇಲ್ರಿ, ಪುಕ್ಕಟ!" ಅವಳ ಭುಜ ಅಲುಗಿತು. ಇನ್ನೊಂದಿಷ್ಟು ಎಳೆದ. ವರ್ಜೀನಿಯಾ ದಾಟುವ ಹೊತ್ತಿಗೆ ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತ, ಆಯ್ತು ಮಾರಾಯ, ನಿಲ್ಲಿಸು, ಹೂಂ ಅಂದೆ, ಹೂಂ, ಹೋಗೋಣ ಎಂದುಬಿಟ್ಟಿದ್ದಳು. ನಗಿಸಿ ಪಡೆದ ಹೂಂ. ಅದನ್ನು ಒಪ್ಪಿಗೆ ಎನ್ನುತ್ತಾರೋ ಇನ್ನೇನನ್ನುತ್ತಾರೋ ಅವನು ಆಗ ಯೋಚಿಸಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದನ್ನವನು ಡೋರಿನ್‌ಗೆ ಹೇಳಿರಲಿಲ್ಲ. ಬಂದ ಹೊಸದರಲ್ಲಿ ಬೀಜ, ಗೊಬ್ಬರ, ಮೊಳೆ, ಕೋಳಿ ಆಹಾರ ಎಲ್ಲ ಮಾರುವ ಅಂಗಡಿಗೆ ಹೋಗಿದ್ದ. ಒಲೆಯ ಸುತ್ತ ನಾಲ್ಕೈದು ಮುದುಕರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಅವರ ಮಾತಿನ ಆ ಎಳೆತ, ಆ ಓಲಾಟ ಕೇಳುತ್ತ ಅವನ ಗಂಟಲು ತುರಿಸತೊಡಗಿತು. ತಾನೂ ಇವರವನೇ ಎಂದು ತೋರಿಸುವುದಕ್ಕೋ, ನಗಿಸುವುದಕ್ಕೋ, ಅಥವಾ ಸುಮ್ಮನೆ ತಡೆಯಲಾಗದೆಯೋ, ಗಲ್ಲಾಪೆಟ್ಟಿಗೆಯ ಬಳಿ ನಿಂತು ಕೂಗಿದ: "ಒಂದ ಇಲಿಬೋನ ಕೊಡ್ರೆಪಾ, ನಮ್ಮನ್ಯಾಗ ಇಲಿ ಭಾಳ ಆಗ್ಯಾವು!" ತದ್ರೂಪ. ಅಷ್ಟು ತದ್ರೂಪವಾಗಿ ಬರುತ್ತದೆಂದು ಅವನೂ ಎಣಿಸಿರಲಿಲ್ಲ. ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಅಂಗಡಿಯವನು ಗಲ್ಲಾಪೆಟ್ಟಿಗೆಯ ಮೇಜಿನ ಮೇಲೆ ಎರಡೂ ಅಂಗೈ ಊರಿ ಹೇಳಿದ: "ಏನಂದ್ರಿ? ಇನ್ನೊಮ್ಮೆ ಅನ್ರಿ." ರೋಮನ್ ತನ್ನ ಸ್ವಂತ ದನಿಯಲ್ಲಿ, ಆ ಸ್ವಂತ ದನಿ ಎಷ್ಟು ತೆಳುವಾಗಿತ್ತು, ಹೇಳಿದ: "ಒಂದು ಇಲಿಬೋನು ಬೇಕಿತ್ತು." "ಹಂಗ ಅನ್ರಿ ಮತ್ತ." ಬೋನು ಕೊಟ್ಟರು, ಚಿಲ್ಲರೆ ಕೊಟ್ಟರು, ದಿನ ಚೆನ್ನಾಗಿರಲೆಂದು ಹಾರೈಸಿ ಕಳಿಸಿದರು. ಒಲೆಯ ಬಳಿ ಕೂತವರಲ್ಲಿ ಕಡ್ಡಿಯಂತೆ ಉದ್ದಕ್ಕಿದ್ದ ಒಬ್ಬ ಮಾತ್ರ ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದ. ಅವನ ತುಟಿ ಅಲುಗುತ್ತಿತ್ತು. ಬೈದನೋ ಏನೋ. ಅವನೇ ವರ್ಲಿನ್ ಲೆಡ್‌ಫರ್ಡ್ ಎಂದು ಆಮೇಲೆ ಚರ್ಚಿನಲ್ಲಿ ಗೊತ್ತಾಯಿತು. ಅಂದಿನಿಂದ ಊರಿನ ಯಾವ ಬಾಗಿಲು ತೆರೆಯದಿದ್ದರೂ, ಆ ಮುಚ್ಚಿದ ಬಾಗಿಲ ಹಿಂದೆ ಅವನಿಗೆ ಕೇಳಿಸುತ್ತಿದ್ದದ್ದು ತನ್ನದೇ ದನಿ: ಇಲಿ ಭಾಳ ಆಗ್ಯಾವು.

ಚರ್ಚಿಗೂ ಅವರು ಹೋಗುತ್ತಿದ್ದದ್ದು ಜನಕ್ಕಾಗಿ, ದೇವರಿಗಾಗಿ ಅಲ್ಲ. ಅವರ ಪಂಥದ ದೇವರು ಇಲ್ಲಿಂದ ಒಂದು ಗಂಟೆ ದಾರಿ. ಹತ್ತಿರವಿದ್ದದ್ದು ಈ ಊರವರ ದೇವರು. "ಬರ್ನಿಸ್‌ಗೆ ಹೇಳಬೇಡ, ಎದೆ ಒಡಕೊಂಡಾಳು" ಎಂದು ಡೋರಿನ್ ಒಳ್ಳೆಯ ಕೋಟು ಹಾಕಿಕೊಂಡು ಹೊರಡುತ್ತಿದ್ದಳು. ಈ ಭಾನುವಾರವೂ ಹೊರಟಳು. ಪ್ರಾರ್ಥನೆ ಮುಗಿದು ಎಲ್ಲರೂ ಹೊರಗೆ ಬಂದಾಗ ವಾಹನ ನಿಲ್ಲಿಸುವ ಜಾಗದಲ್ಲಿ ಯಾವಾಗಲಿನ ಆ ಗದ್ದಲ. ಕಾರಿನ ಬಾಗಿಲು ಹಿಡಿದು ಒಬ್ಬರು ಇನ್ನೊಬ್ಬರನ್ನು ಕೂಗುತ್ತಾರೆ: "ಬರ್ರಲ್ಲಾ, ನಮ್ಮನೀಗೆ ಹೋಗೂಣು!" ಆಚೆಯವರು: "ಇವತ್ತ ಆಗಂಗಿಲ್ರಿ, ನೀವ ಬರ್ರಲ್ಲಾ ನಮ್ಮನೀಗೆ!" ಇವರು: "ನಮಗೂ ಆಗಂಗಿಲ್ರಿ, ಇನ್ನೊಮ್ಮೆ ಬರ್ತೇವಂತ!" ಧಡ್ ಧಡ್ ಬಾಗಿಲು ಮುಚ್ಚಿ ಎಲ್ಲರೂ ತಂತಮ್ಮ ಮನೆಗೆ. ಈ ಹಾಡನ್ನು ರೋಮನ್ ಮೊದಲ ವಾರವೇ ಕಲಿತು, ಕಾರಿನ ಕಿಟಕಿ ಏರಿಸಿಕೊಂಡು, ಗಂಡು ಹೆಣ್ಣು ಮುದುಕ ಮುದುಕಿ ಎಲ್ಲರ ದನಿಯಲ್ಲೂ ಹೆಂಡತಿಗೆ ಹಾಡಿ ತೋರಿಸಿದ್ದ. "ಎಂಥಾ ಜನ ನೋಡೇ! ಎಲ್ಲರೂ ಎಲ್ಲರನ್ನೂ ಕರೀತಾರೆ. ಪಾಪ, ಯಾರಿಗೂ ಪುರುಸೊತ್ತಿಲ್ಲ." "ಎಲ್ಲರನ್ನೂ ಕರೀತಾರೆ," ಡೋರಿನ್ ಹೇಳಿದ್ದಳು, "ನಮ್ಮನ್ನ ಬಿಟ್ಟು." ಇವತ್ತು ಅವರ ಕಾರು ನಿಂತದ್ದು ವರ್ಲಿನ್ ಲೆಡ್‌ಫರ್ಡ್‌ನ ಹಳೆಯ ಟ್ರಕ್ಕಿನ ಪಕ್ಕದಲ್ಲಿ. ವರ್ಲಿನ್ ಹೆಂಡತಿ ಓಪಲ್‌ಳನ್ನು ಕೈಹಿಡಿದು ಹತ್ತಿಸಿ, ಸುತ್ತು ಬಳಸಿ ಬಂದು, ಹ್ಯಾಟಿನ ಅಂಚು ಮುಟ್ಟಿ, ತನ್ನ ಬಾಗಿಲ ಮೇಲೆ ಕೈಯಿಟ್ಟ. ಎದುರಿಗೆ ರೋಮನ್ ಮತ್ತು ಡೋರಿನ್. ಬೇರೆ ಯಾರೂ ಇರಲಿಲ್ಲ. ಹೊಂಡದಲ್ಲಿ ಬಿದ್ದ ಎಲೆಯಷ್ಟು ಸಹಜವಾಗಿ ಅವನ ಬಾಯಿಂದ ಬಿತ್ತು ಆ ಮಾತು: "ಬರ್ರಲ್ಲಾ, ನಮ್ಮನೀಗೆ ಹೋಗೂಣು."

ಡೋರಿನ್‌ಳ ಕೈ ರೋಮನ್‌ನ ತೋಳನ್ನು ಹಿಡಿಯಿತು. ಕೋಟಿನ ದಪ್ಪ ಬಟ್ಟೆಯ ಮೇಲಿನಿಂದಲೂ ಐದು ಬೆರಳೂ ಬೇರೆಬೇರೆಯಾಗಿ ತಿಳಿದವು. ಅವನ ತಲೆಯಲ್ಲಿ ಏನೇನೋ ಒಟ್ಟಿಗೆ ನುಗ್ಗಿತು: ಅಂಗಡಿಯ ಒಲೆ, ಬೂಟಿನ ತುದಿ ನೋಡುತ್ತಿದ್ದ ಈ ಮನುಷ್ಯ, ಅವನೇ ಈಗ, ಎಂಥ ದೊಡ್ಡ ಮನಸ್ಸು, ಕ್ಷಮೆ ಎಂದರೆ ಹೀಗೇ ಟ್ರಕ್ಕಿನ ಬಾಗಿಲು ಹಿಡಿದುಕೊಂಡು ಬರುತ್ತದೆಯೇನೋ. ಮಾತು ನೆಲಕ್ಕೆ ಬೀಳುವ ಮುಂಚೆ ಹಾರಿ ಹಿಡಿದ. "ಓ, ಖಂಡಿತ ಬರ್ತೀವಿ! ಅದಕ್ಕೇನಂತೆ! ಎಲ್ಲಿ ನಿಮ್ಮನೆ? ನೀವು ಮುಂದೆ ಹೋಗಿ, ನಿಮ್ಮ ಹಿಂದೇನೇ ಬಂದ್ವಿ!" ಸಂತೋಷದ ಭರಕ್ಕೆ ನಿಲ್ದಾಣದ ದನಿಯೇ ಎದ್ದುಬಿಟ್ಟಿತ್ತು, ಆ ಕಡೆ ಕಾರುಗಳ ಬಳಿ ನಿಂತವರು ಕೆಲವರು ತಿರುಗಿ ನೋಡಿದರು. ವರ್ಲಿನ್‌ನ ಕೈ ಬಾಗಿಲ ಮೇಲೆ ಇದ್ದಲ್ಲೇ ಇತ್ತು. ಟ್ರಕ್ಕಿನೊಳಗೆ ಓಪಲ್ ಮುಂದಿನ ಗಾಜಿನಲ್ಲಿ ಏನೋ ಕಲೆ ಕಂಡವಳಂತೆ ಅದನ್ನೇ ದಿಟ್ಟಿಸುತ್ತಿದ್ದಳು. "ಬರ್ರಿ ಮತ್ತ," ಎಂದ ವರ್ಲಿನ್, ಸ್ವಲ್ಪ ಹೊತ್ತಿನ ಮೇಲೆ. ಆ ಸ್ವಲ್ಪ ಹೊತ್ತನ್ನು ರೋಮನ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಲ್ಲಿಯವರು ಎಲ್ಲವನ್ನೂ ನಿಧಾನವಾಗಿಯೇ ಹೇಳುತ್ತಾರೆ.

ಟ್ರಕ್ಕಿನ ಹಿಂದೆ ಅಂಕುಡೊಂಕು ದಾರಿಯಲ್ಲಿ ಹೋಗುವಾಗ ಡೋರಿನ್ ಕನ್ನಡಿ ಇಳಿಸಿಕೊಂಡು ತುಟಿಗೆ ಬಣ್ಣ ಹಚ್ಚಿದಳು. "ಬರಿಗೈಲಿ ಹೋಗ್ತಾ ಇದೀವಲ್ಲೋ. ಒಂದು ಕೇಕಾದರೂ ಕೊಂಡುಕೊಂಡು ಹೋಗೋಣ." "ನಿಂತರೆ ಅವರು ತಪ್ಪಿಹೋಗ್ತಾರೆ." ತಪ್ಪಿಸಿಕೊಂಡು ಹೋಗುತ್ತಾರೆ ಎನ್ನುವ ಅರ್ಥವೂ ಆ ಮಾತಿಗಿದೆ ಎಂದು ಹೊಳೆಯಲಿಲ್ಲ. ಲೆಡ್‌ಫರ್ಡರ ಮಗಳು ರೀಬಾ, ಭಾನುವಾರದ ಊಟಕ್ಕೆ ಬಂದವಳು, ಮೇಜಿಗೆ ಮೂರು ತಟ್ಟೆ ಹಾಕಿಟ್ಟು ಜಗುಲಿಗೆ ಬಂದು, ಟ್ರಕ್ಕಿನ ಹಿಂದಿನ ಕಾರನ್ನು ನೋಡಿ, ತಾಯಿಯ ಮುಖ ನೋಡಿ, ಒಳಗೆ ಹೋದಳು. ಮೇಜಿನ ಮೇಲೆ ಐದು ತಟ್ಟೆಗಳಾದವು. ಹಿತ್ತಲಿನಿಂದ ಒಂದು ಗಿಡ್ಡ ಸ್ಟೂಲು ಬಂತು. ವರ್ಲಿನ್ ಅದರ ಮೇಲೆ ಮಂಡಿ ಮಡಚಿ ಕೂತಾಗ ಮೇಜಿನ ಮೇಲೆ ಅವನ ಮುಖ ಮಾತ್ರ ಕಾಣುತ್ತಿತ್ತು. ಬೆಳಿಗ್ಗೆಯೇ ಕರಿದಿಟ್ಟ ಕೋಳಿ, ಬೇಯಿಸಿದ ಹುರುಳಿಕಾಯಿ, ಮೆಕ್ಕೆಜೋಳದ ರೊಟ್ಟಿ, ಸಕ್ಕರೆ ಸುರಿದ ತಣ್ಣನೆ ಚಹಾ. "ಹಾಕ್ಕೊಳ್ರಿ, ನಾಚಬ್ಯಾಡ್ರಿ, ನಿಮ್ಮನಿ ಅಂತ ತಿಳ್ಕೊಳ್ರಿ," ಎನ್ನುತ್ತ ಓಪಲ್ ಕೋಳಿಯ ತಟ್ಟೆಯನ್ನು ಡೋರಿನ್ ಮುಂದೆ ಹಿಡಿದಳು, ರೋಮನ್ ಮುಂದೆ ಹಿಡಿದಳು. "ನೀವು?" ಎಂದಳು ಡೋರಿನ್. "ನನಗ ಯಾಕೋ ಹೊಟ್ಟಿ ಸರಿ ಇಲ್ರಿ ಇವತ್ತ." ಓಪಲ್ ಒಂದು ಲೋಟಕ್ಕೆ ರೊಟ್ಟಿ ಮುರಿದು ಹಾಕಿ ಮೇಲೆ ಮಜ್ಜಿಗೆ ಸುರಿದುಕೊಂಡು ಚಮಚದಲ್ಲಿ ತಿನ್ನತೊಡಗಿದಳು. ರೀಬಾ ತಟ್ಟೆಯಲ್ಲಿ ರೆಕ್ಕೆಯ ತುಂಡೊಂದು ಇತ್ತು, ಅದನ್ನು ಅವಳು ಬಹಳ ಹೊತ್ತು ತಿಂದಳು. ಡೋರಿನ್ ಎರಡನೆಯ ಸಲ ಹಾಕಿಸಿಕೊಂಡಳು. ಚಾಕು ಪಿಂಗಾಣಿಗೆ ತಾಗಿ ಟಿಣ್ ಎಂದಿತು. ಅವಳು ಕೈ ನಿಲ್ಲಿಸಿ, ಆ ಸದ್ದನ್ನು ಇನ್ನೊಮ್ಮೆ ಬೇಕೆಂದೇ ಮಾಡಿದ್ದನ್ನು ರೋಮನ್ ನೋಡಿದ. ಅವಳು ಮಾತಾಡುತ್ತಿದ್ದಳು. ಬರ್ನಿಸ್ ಬಗ್ಗೆ, ಬೇಯಾನ್‌ನ ಮಂಜಿನ ಬಗ್ಗೆ, ಹಾಲಿನ ತೆರಿಗೆಯ ಬಗ್ಗೆ, ಒಂದು ಮಾತು ಮುಗಿಯುವ ಮುಂಚೆ ಇನ್ನೊಂದು, ಏಳು ತಿಂಗಳು ಗುಡ್ಡಕ್ಕೆ ಹೇಳಿ ಮುಗಿಯದೆ ಉಳಿದದ್ದು. "ಹೌದೇನ್ರಿ!" "ಅಯ್ಯ ದೇವರ!" ಎಂದು ಓಪಲ್ ಎಲ್ಲಿ ಬೇಕೋ ಅಲ್ಲಿ ಹೇಳುತ್ತಿದ್ದಳು. ಎಷ್ಟು ಒಳ್ಳೆಯ ಜನ ಎಂದುಕೊಂಡ ರೋಮನ್, ಎಲುಬು ಚೀಪುತ್ತ. ಇಷ್ಟು ಕಾಲ ನಾನೇ ಬಾಗಿಲು ತಳ್ಳದೆ, ಬೀಗ ಹಾಕಿದೆ ಎಂದುಕೊಂಡು ಹೊರಗೆ ನಿಂತಿದ್ದೆ.

ಊಟವಾದ ಮೇಲೆ ಡೋರಿನ್ ಜಗುಲಿಯ ಉಯ್ಯಾಲೆಯಲ್ಲಿ ಲೆಡ್‌ಫರ್ಡರ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಕಾಫಿ ತರುತ್ತೇವೆಂದು ಮನೆಯವರೆಲ್ಲ ಒಳಗೆ ಹೋದರು. ರೋಮನ್ ಕೈ ತೊಳೆಯಲೆಂದು ಎದ್ದು, ಮನೆಯೊಳಗೆ ಕೋಣೆಗಳ ನಡುವಿನ ಓಣಿಯಂಥ ಇಕ್ಕಟ್ಟು ದಾರಿಯಲ್ಲಿ ಬಚ್ಚಲು ಯಾವ ಬಾಗಿಲೆಂದು ತಿಳಿಯದೆ ನಿಂತ. ಅಡುಗೆಮನೆಯ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. "ಅಲ್ಲಬೇ ಯವ್ವಾ, ಕರಕೊಂಡ ಬರೂದಿತ್ತಂದ್ರ ಒಂದ್ ಫೋನ್ ಮಾಡಬಾರದಾ?" ಇದು ರೀಬಾ, ಪಿಸುದನಿಯಲ್ಲಿ. "ಯಾರ್ ಕರಕೊಂಡ ಬಂದಾರ? ನಿಮ್ಮಪ್ಪ 'ಬರ್ರಲ್ಲಾ' ಅಂದಾ. ಎಲ್ಲಾರಿಗೂ ಅಂತಾನಲ್ಲ, ನಾಯಿಗೂ ಅಂತಾನ. ಹೊಂಟ ನಿಂತಾಗ ಮತ್ತೇನನ್ನಬೇಕು, ಸುಮ್ಮನ ಮಾರಿ ತಿರುವಿ ಹೋಗಬೇಕೇನು? ಅಂವಾ ಬಂದಬಿಡೂದಾ!" "ಆಗಂಗಿಲ್ಲ ಅನಬೇಕಂತ ಗೊತ್ತಿಲ್ಲೇನ ಅವರಿಗೆ?" ಆಗ ಮೂರನೆಯ ದನಿ ಎದ್ದಿತು. ಮೂಗಿನಿಂದ ಹೊರಟು ಚಾವಣಿಗೆ ಬಡಿಯುವ ದನಿ. ಓಣಿಯ ಕತ್ತಲಲ್ಲಿ ನಿಂತ ರೋಮನ್‌ಗೆ ಒಂದು ಕ್ಷಣ ತಾನೇ ಮಾತಾಡಿದೆನೆಂದು ಅನ್ನಿಸಿ ಕೈ ಗಂಟಲಿಗೆ ಹೋಯಿತು. "ಓ, ಖಂಡಿತ ಬರ್ತೀವಿ! ಅದಕ್ಕೇನಂತೆ! ಎಲ್ಲಿ ನಿಮ್ಮನೆ? ನೀವು ಮುಂದೆ ಹೋಗಿ, ನಿಮ್ಮ ಹಿಂದೇನೇ ಬಂದ್ವಿ!" ವರ್ಲಿನ್. 'ಅದಕ್ಕೇನಂತೆ'ಯಲ್ಲಿ ದನಿ ಸೀಳಿ ಮೇಲಕ್ಕೆ ಹಾರುವುದನ್ನೂ, 'ಬಂದ್ವಿ'ಯ ಕೊನೆಗೆ ನಿಲ್ದಾಣದ ಗಂಟೆಯಂತೆ ಒಂದು ಗುಂಯ್ ಉಳಿಯುವುದನ್ನೂ ಬಿಡದೆ ಹಿಡಿದಿದ್ದ. ರೀಬಾ ಬಟ್ಟೆಯೊಳಗೆ ಮುಖವಿಟ್ಟು ನಗುವ ಸದ್ದು. "ಸುಮ್ನಿರೋ ಮುದುಕಾ, ಕೇಳಿಸೀತು," ಓಪಲ್ ಗದರಿದಳು, ಅವಳ ದನಿಯಲ್ಲೂ ನಗೆ ತುಳುಕುತ್ತಿತ್ತು. "ಪಾಪ, ಕೆಟ್ಟ ಮಂದಿ ಅಲ್ಲ. ಆಕಿ ನೋಡು, ಎಷ್ಟ್ ದಿವಸ ಆಗಿತ್ತೋ ಏನೋ, ಹೆಂಗ ಮಾತಾಡಿದ್ಲು. ಕಾಫಿ ಒಯ್ಯಿ."

ಪಾಪ, ಕೆಟ್ಟ ಮಂದಿ ಅಲ್ಲ. ರೋಮನ್ ಯಾವುದೋ ಒಂದು ಬಾಗಿಲು ತೆರೆದ. ಅದು ಬಟ್ಟೆಯ ಕಪಾಟು. ಅದರೊಳಗೆ ಮಡಿಸಿಟ್ಟ ಬಿಳಿಯ ಹಾಸುಗಳ ಎದುರು ಯಾರನ್ನೋ ಭೇಟಿಯಾಗಲು ಬಂದವನಂತೆ ನಿಂತ. ಸಿಟ್ಟು ಬರಬಹುದೆಂದು ಕಾದ. ಬಂದದ್ದು, ಎಲ್ಲವನ್ನೂ ಬಿಟ್ಟು, ಕಸುಬುದಾರನ ಮೆಚ್ಚುಗೆ: ಮೂಗನ್ನು ಎಷ್ಟು ಸರಿಯಾಗಿ ಹಿಡಿದಿದ್ದಾನೆ. ಹಾಗಾದರೆ ಅಂಗಡಿಯಲ್ಲಿ ಬೂಟಿನ ತುದಿ ನೋಡುತ್ತ ತುಟಿ ಅಲುಗಿಸುತ್ತಿದ್ದದ್ದು ಬೈಗುಳವಲ್ಲ, ಅಭ್ಯಾಸ. ಆ ಕ್ಷಣದಿಂದಲೇ ಈ ಊರಿನಲ್ಲಿ ತನ್ನ ದನಿ ಮನೆಮನೆಯ ಅಡುಗೆಮನೆಗೂ ಹೋಗಿ ಕೂತು ಊಟ ಮಾಡಿ ಬಂದಿರಬೇಕು. ಹೊರಗೆ ನಿಂತದ್ದು ತಾನೊಬ್ಬನೇ. ಆಮೇಲೆ ಒಂದೊಂದಾಗಿ ಎಲ್ಲ ತಿರುಗಿ ಬಂದವು: ಕೋಳಿಯ ತುಂಡುಗಳು, ಹೊಟ್ಟೆ ಸರಿಯಿಲ್ಲದ ಓಪಲ್, ರೀಬಾಳ ರೆಕ್ಕೆ, ಸ್ಟೂಲಿನ ಮೇಲಿನ ಮುಖ, ಟ್ರಕ್ಕಿನ ಬಾಗಿಲ ಮೇಲೆ ನಿಂತೇ ಇದ್ದ ಕೈ. ಎಷ್ಟು ಭಾನುವಾರ ಆ ಹಾಡನ್ನು ತಾನೇ ಹಾಡಿದ್ದ, ಕರೆಯುವವನಾಗಿ, ಒಲ್ಲೆ ಎನ್ನುವವನಾಗಿ! ಪ್ರತಿಯೊಂದು ಎಳೆತವನ್ನೂ ಹಿಡಿದಿದ್ದ, ಅದು ಬರಿಯ ಬೀಳ್ಕೊಡುಗೆ ಎನ್ನುವುದೊಂದನ್ನು ಬಿಟ್ಟು. ಹೋಗಿಬರುತ್ತೇನೆ ಎಂದು ಹೊರಟವನು ನಿಜಕ್ಕೂ ತಿರುಗಿ ಬಂದು ಬಾಗಿಲಲ್ಲಿ ನಿಂತರೆ ಹೇಗೋ ಹಾಗಾಗಿತ್ತು. ಗಿಳಿಗೆ ರಾಮ ರಾಮ ಎನ್ನುವುದು ಬರುತ್ತದೆ, ರಾಮ ಯಾರೆಂದು ಕೇಳಬಾರದು.

ಜಗುಲಿಯಲ್ಲಿ ಕಾಫಿ ಮುಗಿಯುವವರೆಗೂ ಅವನು ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದರೆ ಆ ದನಿ ಬರುತ್ತದೆ, ವರ್ಲಿನ್‌ನ ಅಣಕದ ಮೇಲಿನ ಅಣಕದಂತೆ ಕೇಳಿಸುತ್ತದೆ. ಹೊರಟು ನಿಂತಾಗ ಓಪಲ್ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಡೋರಿನ್ ಕೈಗಿಟ್ಟಳು. ವರ್ಲಿನ್ ಮೆಟ್ಟಿಲವರೆಗೆ ಬಂದ. "ಇಷ್ಟ ಲಗೂನ ಯಾಕ ಹೊಂಟ್ರಿ? ರಾತ್ರಿ ಇಲ್ಲೇ ಇದ್ದಬಿಡ್ರಲ್ಲಾ." ಡೋರಿನ್ ಥಟ್ಟನೆ ಗಂಡನತ್ತ ನೋಡಿದಳು. ಅವಳ ಕಣ್ಣು ಅರಳಿತ್ತು, ಬಾಯಿ ತೆರೆಯುತ್ತಿತ್ತು, ಇನ್ನೊಂದು ಉಸಿರಿಗೆ ಅವಳು ಹೂಂ ಅನ್ನುವವಳೇ. ರೋಮನ್ ನಡುವೆ ಬಿದ್ದ. ಯೋಚಿಸಲಿಲ್ಲ, ಗಂಟಲೇ ತನ್ನ ಕೆಲಸ ಮಾಡಿತು, ಎಳೆತ, ಓಲಾಟ, ಎಲ್ಲ ತದ್ರೂಪ: "ಇವತ್ತ ಆಗಂಗಿಲ್ರಿ. ನೀವ ಬರ್ರಲ್ಲಾ ನಮ್ಮನೀಗೆ." ಅಂಗಡಿಯಲ್ಲಿ ನಿಂತಂತೆ ಇಲ್ಲಿಯೂ ಎಲ್ಲ ನಿಂತಿತು. ವರ್ಲಿನ್ ಅವನನ್ನು ನೋಡಿದ, ಅವನ ಹಿಂದಿನ ಓಣಿಯ ಕತ್ತಲನ್ನು ನೋಡಿದ, ಅಡುಗೆಮನೆಯ ಬಾಗಿಲು ಎಲ್ಲಿದೆಯೆಂದು ಲೆಕ್ಕ ಹಾಕಿದ. ಬಿಳಿ ಹುಬ್ಬುಗಳ ಕೆಳಗೆ ಏನೋ ಒಂದು ಕೆಂಪಗಾಯಿತು. ಒಬ್ಬ ಕಳ್ಳ ಇನ್ನೊಬ್ಬ ಕಳ್ಳನಿಗೆ ದಾರಿಬಿಡುವಂತೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಹ್ಯಾಟು ಮುಟ್ಟಿದ. "ನಮಗೂ ಆಗಂಗಿಲ್ರಿ ಇವತ್ತ," ಎಂದ ಬಹಳ ಮೆಲ್ಲಗೆ. "ಇನ್ನೊಮ್ಮೆ." ಈ ಊರಿನಲ್ಲಿ ರೋಮನ್ ಸರಿಯಾಗಿ ಆಡಿದ ಮೊದಲ ಮಾತು ಅದು.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ದಾರಿಯಲ್ಲೇ ಹೇಳಬೇಕೆಂದುಕೊಂಡಿದ್ದ: ಮೊದಲ ತಿರುವಿನಲ್ಲಿ, ಆಮೇಲೆ ಸೇತುವೆ ದಾಟಿದ ಮೇಲೆ, ಆಮೇಲೆ ಕಾರು ನಿಲ್ಲಿಸಿದ ಮೇಲೆ. ಡೋರಿನ್ ಹಾಡು ಗುನುಗುತ್ತಿದ್ದಳು, ಅವಳು ಗುನುಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತು. ಕೋಟು ತೆಗೆಯದೆ ನೇರ ಅಡುಗೆಮನೆಯ ಚಾಕು ತಂದು ಹಜಾರದಲ್ಲಿ ಮೊಣಕಾಲೂರಿ ಮೊದಲ ಪೆಟ್ಟಿಗೆಯ ಅಂಟುಪಟ್ಟಿಯನ್ನು ಉದ್ದಕ್ಕೆ ಸೀಳಿದಳು. "ಡೋರಿನ್," ಎಂದ ಅವನು. "ಬಾ, ಹಿಡ್ಕೋ ಇದನ್ನ. ಮೆಲ್ಲಗೆ, ಮಾರಾಯ, ನಮ್ಮಮ್ಮನ ಕಾಲದ್ದು." ಬೇಯಾನ್‌ನ ಒಂದು ಹಳೆಯ ಮಂಗಳವಾರ ಅವನ ಕೈಯಲ್ಲಿ ಬಿಚ್ಚಿಕೊಂಡಿತು, ಯಾರದೋ ಮದುವೆ, ಯಾವುದೋ ಅಂಗಡಿ ಮುಚ್ಚಿದ ಸುದ್ದಿ, ಒಳಗೆ ನೀಲಿ ಅಂಚು. "ಡೋರಿನ್, ಒಂದು ಮಾತು." "ಇರು, ಮೊದಲು ಅವಳಿಗೆ ಹೇಳಿಬಿಡ್ತೀನಿ, ಪಾಪ, ಕಾಯ್ತಿರ್ತಾಳೆ." ಫೋನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ತಟ್ಟೆಯ ಕಾಗದ ಬಿಡಿಸುತ್ತಲೇ ಮಾತಾಡಿದಳು. "ಬರ್ನಿಸ್, ಕೇಳೇ ಇಲ್ಲಿ, ಕರೆದರು ಕಣೇ! ಮನೆಗೇ ಕರೆದುಕೊಂಡು ಹೋದರು. ಎಷ್ಟು ಬಲವಂತ ಮಾಡಿದರು ಅಂತೀಯ, ರಾತ್ರಿ ಇದ್ದುಬಿಡಿ ಅಂತ ಬಾಗಿಲಿಗೆ ಅಡ್ಡ ನಿಂತುಬಿಟ್ರು. ಹೂಂ. ಹೂಂ. ಇಲ್ಲ ಕಣೇ, ನಾನು ಬರಲ್ಲ. ಮಹಡಿ ಕೊಟ್ಟುಬಿಡು. ಅದೇ, ಆ ನರ್ಸ್ ಹುಡುಗಿ ಕೇಳ್ತಿದ್ಲು ಅಂದ್ಯಲ್ಲ, ಇವತ್ತೇ ಹೇಳಿಬಿಡು ಅವಳಿಗೆ." ರೋಮನ್ ತಟ್ಟೆ ಹಿಡಿದು ನಿಂತಿದ್ದ. ಈಗ ಬಾಯಿ ತೆರೆಯಬೇಕು. ಸಾವಿರ ಜನರಿಗೆ ಯಾವ ಗಾಡಿ ಎಲ್ಲಿಗೆ ಹೋಗುತ್ತದೆಂದು ಹೇಳಿದವನು. ಕೊನೆಯ ಗಾಡಿ ಹೊರಡುತ್ತಿದೆ ಎಂದು ಒಬ್ಬಳಿಗೆ ಹೇಳಬೇಕು, ಅಷ್ಟೇ. ಬೇರೆ ಯಾರದ್ದೇ ದನಿಯಾಗಿದ್ದರೆ ಬರುತ್ತಿತ್ತೇನೋ. ತನ್ನದನ್ನು ಅವನು ಲೆಡ್‌ಫರ್ಡರ ಅಡುಗೆಮನೆಯಲ್ಲಿ ಬಿಟ್ಟು ಬಂದಿದ್ದ. ಡೋರಿನ್ ಫೋನು ಇಟ್ಟಳು. "ಅತ್ತುಬಿಟ್ಲು ಹುಚ್ಚಿ," ಎಂದು ತನ್ನ ಕಣ್ಣು ಒರೆಸಿಕೊಂಡಳು. "ಏನೋ ಹೇಳ್ತಿದ್ಯಲ್ಲ?" "ಏನಿಲ್ಲ," ಎಂದ.

ಕಪಾಟಿನಲ್ಲಿ ಕಾಗದದ ತಟ್ಟೆಗಳ ಕಟ್ಟಿತ್ತು, ಅದನ್ನೆತ್ತಿ ಅವಳು ಕಸಕ್ಕೆ ಹಾಕಿದಳು. ಮೇಜಿನ ಮೇಲೆ ನಾಲ್ಕು ಪಿಂಗಾಣಿ ತಟ್ಟೆ ಜೋಡಿಸಿ, ಯಾರು ಎಲ್ಲಿ ಕೂರಬೇಕೆಂದು ಕುರ್ಚಿಗಳನ್ನು ಎಳೆದು ನೋಡಿದಳು. "ಓಪಲ್ ಇಲ್ಲಿ, ಕಿಟಕಿ ಕಡೆಗೆ. ಅವನು ಆ ತುದಿ, ಕಾಲು ಚಾಚೋಕೆ ಜಾಗ ಬೇಕು ಅವನಿಗೆ. ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ತಕ್ಷಣ ನಾನೇ ಕರೀತೀನಿ, ಅವರ ಥರಾನೇ. ಹೇಳಿಕೊಡು, ಹೇಗೆ ಎಳೀಬೇಕು? ಬಾ, ನೀನು ವರ್ಲಿನ್. ಅಲ್ಲಿ ನಿಂತ್ಕೋ, ಬಾಗಿಲ ಹತ್ರ. ಹ್ಯಾಟು ಹಾಕ್ಕೋ." ಅವನು ಬಾಗಿಲ ಹತ್ತಿರ ಹೋಗಿ ನಿಂತ. ಹ್ಯಾಟು ಹಾಕಿಕೊಂಡ. ಅವಳು ಗಂಟಲು ಸರಿಮಾಡಿಕೊಂಡು, ಕೈಯಲ್ಲಿ ಐದನೆಯ ತಟ್ಟೆಯೊಂದನ್ನು ಎದೆಗೊತ್ತಿ ಹಿಡಿದು, ಹುಡುಗಿಯಂತೆ ಕೆಂಪಾಗಿ, ಎಳೆದಳು: "ಬರ್ರಲ್ಲಾ, ನಮ್ಮನೀಗೆ ಹೋಗೂಣು." ರೋಮನ್ ವರ್ಲಿನ್ ಆದ. ಹೆಗಲು ಬಾಗಿದವು, ಹುಬ್ಬು ಇಳಿದವು, ಕೈ ಬಾಗಿಲ ಮೇಲೆ ತಾನಾಗಿ ಹೋಗಿ ಕೂತಿತು. ಬರ್ತೇವ್ರಿ ಎನ್ನಬೇಕೆಂದುಕೊಂಡ. ಒಂದೇ ಮಾತು, ಆಟಕ್ಕಾದರೂ. ಆ ಗಂಟಲಿನ ಮೂಲೆಮೂಲೆಯಲ್ಲೂ ಹುಡುಕಿದ. ಆ ಮಾತು ಅಲ್ಲಿರಲಿಲ್ಲ. ಮನುಷ್ಯ ಯಾವತ್ತೂ ಆಡದ ಮಾತನ್ನು ಅವನ ದನಿಯಲ್ಲಿ ಆಡುವುದಕ್ಕೆ ಬರುವುದಿಲ್ಲ, ಅದು ಅವನ ಕಸುಬಿನ ಮೊದಲ ಪಾಠ.

"ಇವತ್ತ ಆಗಂಗಿಲ್ರಿ," ಎಂದ. "ನೀವ ಬರ್ರಲ್ಲಾ ನಮ್ಮನೀಗೆ."

ಡೋರಿನ್ ತಟ್ಟೆಯನ್ನು ತಬ್ಬಿಕೊಂಡೇ ಕುಣಿದಳು. "ನೋಡಿದ್ಯಾ! ಮತ್ತೆ ನಮ್ಮನ್ನೇ ಕರೆದುಬಿಟ್ರು!" ಎಂದು ನಕ್ಕಳು. ಅವತ್ತು ಕಾರಿನಲ್ಲಿ, ವರ್ಜೀನಿಯಾ ದಾಟುವಾಗ, ಹೂಂ ಅನ್ನುವುದಕ್ಕೆ ಮುಂಚೆ ನಕ್ಕಿದ್ದಳಲ್ಲ, ಹಾಗೆಯೇ ನಕ್ಕಳು.